ಕಾಣದ ತಕ್ಕಡಿ

ಹೊಲಿಗೆ ಘಟಕವೊಂದರಲ್ಲಿ ಮೂವರು ಟೈಲರ್‌ಗಳಿದ್ದಾರೆ ಎಂದಿಟ್ಟುಕೊಳ್ಳಿ. ಹೆಸರು ಬೇಡ, ಕ, ಚ, ಟ ಎನ್ನೋಣ. ಸೂಪರ್‌ವೈಸರ್ ವರ್ಷದ ಕೊನೆಗೆ ಅಚ್ಚುಕಟ್ಟಿಗೂ ವೇಗಕ್ಕೂ ಹತ್ತರಲ್ಲಿ ಅಂಕ ಹಾಕುತ್ತಾರೆ. ಕ ಅಚ್ಚುಕಟ್ಟಿನಲ್ಲಿ 9, ವೇಗದಲ್ಲಿ 3. ಚ ಇದರ ತಿರುಗುಮುರುಗು: 3 ಮತ್ತು 9. ಟ ಎರಡರಲ್ಲೂ 5. ಪಕ್ಕದ ಕಾಲಂನಲ್ಲಿ ಒಟ್ಟಾರೆ ರೇಟಿಂಗ್. ಅಲ್ಲಿ ಟ ಎಲ್ಲರಿಗಿಂತ ಮೇಲೆ.

ಕ ಬಂದು ಯಾಕೆ ಸಾರ್ ಎಂದರೆ, ‘ನಿನ್ನ ಕೈ ನಿಧಾನ ಕಣಪ್ಪ’ ಎನ್ನಬಹುದು. ಚ ಬಂದರೆ, ‘ನಿನ್ನ ಹೊಲಿಗೆ ಸೊಟ್ಟ’ ಎನ್ನಬಹುದು. ಬಿಡಿಬಿಡಿಯಾಗಿ ಎರಡೂ ಒಪ್ಪುವ ಮಾತೇ. ಎರಡು ಅಂಕಗಳಿಗೂ ಇಷ್ಟಿಷ್ಟು ತೂಕ ಕೊಟ್ಟು ಕೂಡಿ ಲೆಕ್ಕ ಹಾಕಿದರೆ ಮಾತ್ರ ಹುಳುಕು ಹೊರಬೀಳುತ್ತದೆ. ಟ, ಕ-ಗಿಂತ ಮೇಲೆ ಬರಬೇಕಾದರೆ ಒಟ್ಟು ತೂಕದಲ್ಲಿ ಅಚ್ಚುಕಟ್ಟಿನ ಪಾಲು ಮೂರರಲ್ಲೊಂದಕ್ಕಿಂತ ಕಡಿಮೆ ಇರಬೇಕು. ಚ-ಗಿಂತ ಮೇಲೆ ಬರಬೇಕಾದರೆ ಅದೇ ಪಾಲು ಮೂರರಲ್ಲೆರಡಕ್ಕಿಂತ ಹೆಚ್ಚಿರಬೇಕು. ಒಂದೇ ತಕ್ಕಡಿ, ಎರಡು ಬೊಟ್ಟು!

ಮೂವರಿದ್ದರೆ ಇದು ಬೆರಳೆಣಿಕೆಯ ಲೆಕ್ಕ. ನಲವತ್ತು ಜನ, ಆರು ಮಾನದಂಡ ಎಂದಾಗ ಕಣ್ಣಳತೆ ಸಾಲದು. ಆಗ ನೆರವಿಗೆ ಬರುವುದು ಲೀನಿಯರ್ ಪ್ರೋಗ್ರಾಮಿಂಗ್. ಇಂಥ ಲೆಕ್ಕಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದರು. ಇಲ್ಲಿ ಲೆಕ್ಕ ಹಿಂದುಮುಂದಾಗಿ ಓಡುತ್ತದೆ. ತೂಕ ಕೊಟ್ಟು ರೇಟಿಂಗ್ ಕೇಳುವುದಲ್ಲ, ರೇಟಿಂಗ್ ಕೊಟ್ಟು ಅದರೊಳಗೆ ಅಡಗಿರುವ ತೂಕ ಕೇಳುವುದು. ‘ಇವರು ಅವರಿಗಿಂತ ಮೇಲು’ ಎಂಬ ಒಂದೊಂದು ತೀರ್ಮಾನವೂ ಒಂದೊಂದು ಅಸಮಾನತೆಯಾಗುತ್ತದೆ. ಅವಷ್ಟಕ್ಕೂ ಒಗ್ಗುವ ತೂಕ ಸಿಕ್ಕರೆ ರೇಟಿಂಗ್ ತನ್ನೊಳಗೆ ಹೊಂದಿಕೊಂಡಿದೆ ಎಂದರ್ಥ. ನ್ಯಾಯವಾಗಿದೆ ಎಂದಲ್ಲ, ಅದು ಬೇರೆ ಮಾತು.

ಸಿಗದಿದ್ದರೆ? 1955ರಲ್ಲಿ ಚಾರ್ನ್ಸ್, ಕೂಪರ್, ಫರ್ಗ್ಯುಸನ್ ಎಂಬ ಮೂವರು ಸೇರಿ ಕಂಪನಿ ಅಧಿಕಾರಿಗಳ ಸಂಬಳದ ಬಗ್ಗೆ ಇಂಥದೇ ಒಂದು ಲೆಕ್ಕವನ್ನು ಪ್ರಕಟಿಸಿದರು. ಗುಣಗಳಿಗೆ ತೂಕ ಹಂಚಬೇಕು, ಹುದ್ದೆಯ ಮೇಲುಕೀಳು ಕೆಡಬಾರದು, ಲೆಕ್ಕದ ಸಂಬಳಕ್ಕೂ ನಿಜದ ಸಂಬಳಕ್ಕೂ ಇರುವ ಅಂತರಗಳ ಮೊತ್ತ ಆದಷ್ಟು ಕಡಿಮೆಯಾಗಬೇಕು. ಪೂರ್ತಿ ಹೊಂದದಿದ್ದರೆ ಎಷ್ಟು ಹೊಂದುತ್ತಿಲ್ಲ ಎಂದು ಅಳೆಯುವ ಈ ಉಪಾಯ ಮುಂದೆ ಗೋಲ್ ಪ್ರೋಗ್ರಾಮಿಂಗ್ ಎಂಬ ಶಾಖೆಗೆ ಬೀಜವಾಯಿತು. ನಮ್ಮ ಟೈಲರ್‌ಗಳಿಗೆ ಇದನ್ನೇ ಹಚ್ಚಿದರೆ, ತೂಕ ಹೇಗೇ ಹಂಚಿದರೂ ಟ-ಗೆ ಬೀಳುವ ಒಟ್ಟು ಕೊರತೆ 2 ಅಂಕಕ್ಕಿಂತ ಕೆಳಗಿಳಿಯುವುದಿಲ್ಲ.

ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ಹಂಗೇರಿಯ ಗಣಿತಜ್ಞ ಫಾರ್ಕಶ್ 1902ರಲ್ಲಿ ಪ್ರಕಟಿಸಿದ ಪ್ರಮೇಯ. ಅಸಮಾನತೆಗಳ ಗುಂಪಿಗೆ ಉತ್ತರವಿಲ್ಲದಿದ್ದರೆ, ಏಕೆ ಇಲ್ಲ ಎಂಬುದಕ್ಕೆ ಸಾಕ್ಷಿ ಇದ್ದೇ ಇರುತ್ತದೆ. ಇಲ್ಲಿ ಸಾಕ್ಷಿ ಸರಳ: ಕ-ನಲ್ಲಿ ಅರ್ಧ, ಚ-ನಲ್ಲಿ ಅರ್ಧ ಸೇರಿಸಿ. ಎರಡರಲ್ಲೂ 6 ಬರುತ್ತದೆ, ಟ-ನ 5ನ್ನು ಮೀರುತ್ತದೆ. ದೊಡ್ಡ ಪಟ್ಟಿಯಲ್ಲೂ ಯಾವ ತೀರ್ಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ ಎಂದು ಈ ಸಾಕ್ಷಿಯೇ ಬೊಟ್ಟು ಮಾಡುತ್ತದೆ. ಯಾರ ಮೇಲೂ ಪಕ್ಷಪಾತದ ಗೂಬೆ ಕೂರಿಸದೆ, ‘ಈ ಮೂರು ಸಾಲು ಮತ್ತೊಮ್ಮೆ ನೋಡಿ’ ಎನ್ನಬಹುದು.

ಸೂಪರ್‌ವೈಸರ್ ಬಳಿ ಉತ್ತರವಿರಲೂಬಹುದು. ‘ಒಂದರಲ್ಲಿ ಗಟ್ಟಿ, ಇನ್ನೊಂದರಲ್ಲಿ ಪೊಳ್ಳು ಇದ್ದವರಿಂದ ನನ್ನ ಲೈನ್ ನಿಲ್ಲುತ್ತೆ ಸ್ವಾಮಿ, ನನಗೆ ಎರಡರಲ್ಲೂ ತಕ್ಕಮಟ್ಟಿಗೆ ಇರೋರು ಬೇಕು.’ ಸರಿ, ಎರಡರಲ್ಲಿ ಕಡಿಮೆ ಇರುವ ಅಂಕಕ್ಕೇ ಮೂರನೆಯ ಕಾಲಂ ಮಾಡೋಣ: ಕ 3, ಚ 3, ಟ 5. ಅದಕ್ಕೆ ಸಾಕಷ್ಟು ತೂಕ ಕೊಟ್ಟರೆ ಟ ನಿರಾಯಾಸವಾಗಿ ಮೇಲೇರುತ್ತಾರೆ. ಬಾಯಲ್ಲಿ ಹೇಳದಿದ್ದ ಮಾನದಂಡ ಕಾಗದಕ್ಕಿಳಿಯಿತು, ಮುಂದಿನ ವರ್ಷ ಅದು ಕ-ಗೂ ಚ-ಗೂ ಮೊದಲೇ ಗೊತ್ತಿರುತ್ತದೆ.

ಆದರೆ ಕಾಲಂ ಸೇರಿಸುವ ಚಟ ಹತ್ತಿದರೆ ಕಷ್ಟ. ಮಾನದಂಡ ಹೆಚ್ಚಿದಷ್ಟೂ ತೂಕಗಳಿಗೆ ಓಡಾಡಲು ಜಾಗ ಹೆಚ್ಚು. ಮೂವರನ್ನು ಅಳೆಯಲು ಹನ್ನೆರಡು ಕಾಲಂ ಇಟ್ಟುಕೊಂಡ ಆಫೀಸಿನಲ್ಲಿ ಈ ಲೆಕ್ಕಕ್ಕೆ ಸಿಕ್ಕಿಬೀಳುವ ರೇಟಿಂಗ್ ಅಪರೂಪ.