ಶ್ರಾವಣದ ಮನೆ, ರಂಜಾನಿನ ಮನೆ

ಉಪವಾಸವೆಂಬುದು ಹೊಟ್ಟೆಗೆ ಸಂಬಂಧಿಸಿದ ಸಂಗತಿಯೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಸಂಸಾರಸ್ಥರ ಮನೆಯಲ್ಲಿ ಅದು ಮೊದಲು ಒಲೆಗೆ ಸಂಬಂಧಿಸಿದ್ದು. ಮನೆಯ ಹಿರಿಯರೊಬ್ಬರು ಒಪ್ಪೊತ್ತು ಹಿಡಿದರೆ ಸಾಕು, ಅಡುಗೆಮನೆಯ ದಿನಚರಿಯೇ ಬದಲಾಗುತ್ತದೆ. ಯಾರಿಗೆ ಫಲಾಹಾರ, ಯಾರಿಗೆ ರೊಟ್ಟಿ, ಯಾರ ಎಲೆ ಯಾವಾಗ ಬೀಳಬೇಕು ಎಂಬ ಲೆಕ್ಕವೆಲ್ಲ ಗೃಹಿಣಿಯ ತಲೆಯ ಮೇಲೆ ಬರುತ್ತದೆ. ವ್ರತದ ಪುಣ್ಯ ಯಾರದೇ ಇರಲಿ, ಅದರ ದುಡಿಮೆ ಅವಳದು. ಈ ಸಂಗತಿಯನ್ನು ನನಗೆ ಮನದಟ್ಟು ಮಾಡಿಕೊಟ್ಟದ್ದು 2012ರ ಶ್ರಾವಣ ಮಾಸ. ಆ ವರ್ಷ ಶಿಕಾರಿಪುರದ ನಮ್ಮ ಓಣಿಗೆ ಶ್ರಾವಣವೂ ರಂಜಾನೂ ಜೊತೆಜೊತೆಯಾಗಿ ಬಂದಿದ್ದವು.

ಎರಡೂ ಚಂದ್ರನನ್ನು ನೋಡಿ ಎಣಿಸುವ ತಿಂಗಳುಗಳೇ. ಚಂದ್ರನ ಹನ್ನೆರಡು ತಿಂಗಳು ಕೂಡಿದರೆ ಸುಮಾರು 354 ದಿನಗಳಾಗುತ್ತವೆ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ನಮ್ಮ ಪಂಚಾಂಗದವರು ಎರಡೂವರೆ-ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸವನ್ನು ಸೇರಿಸಿ ಈ ಕೊರತೆಯನ್ನು ತುಂಬುತ್ತಾರೆ. ಆದುದರಿಂದಲೇ ಶ್ರಾವಣವು ಎಂದೂ ಮಳೆಗಾಲವನ್ನು ಬಿಟ್ಟು ಹೋಗುವುದಿಲ್ಲ. ಮುಸಲ್ಮಾನ ಬಾಂಧವರ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ರಂಜಾನ್ ತಿಂಗಳು ವರ್ಷವರ್ಷವೂ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹಾಗೆ ಸುತ್ತುವಾಗ 2010, 2011 ಮತ್ತು 2012, ಈ ಮೂರು ವರ್ಷ ಅದು ಶ್ರಾವಣದ ಕೈಹಿಡಿದು ನಡೆಯಿತು. 2012ರಲ್ಲಿ ಜುಲೈ 20ಕ್ಕೆ ನಮ್ಮ ಶ್ರಾವಣ ಮೊದಲಾದರೆ ಮರುದಿನವೇ ಪಕ್ಕದ ಮನೆಯವರ ರೋಜಾ ಮೊದಲಾಯಿತು.

ಗೋಡೆಯಾಚೆಯ ಒಲೆ

ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ಆ ಮನೆಯ ಹಿರಿಯಾಕೆಯನ್ನು ನಮ್ಮ ಮಕ್ಕಳು ಖಾಲಾ ಎಂದು ಕರೆಯುತ್ತಿದ್ದರು. ಅದನ್ನು ಕೇಳಿ ಕೇಳಿ ನಾನೂ ಹಾಗೆಯೇ ಕರೆಯತೊಡಗಿದೆ. ನಮ್ಮ ಅತ್ತೆಯವರಿಗೂ ಆಕೆಗೂ ಮೂವತ್ತು ವರ್ಷಗಳ ಒಡನಾಟ. ಆಕೆ ಇವರನ್ನು ‘ಅಕ್ಕಾ’ ಎನ್ನುತ್ತಿದ್ದರು, ಇವರು ಆಕೆಯನ್ನು ‘ತಂಗಿ’ ಎನ್ನುತ್ತಿದ್ದರು.

ಆ ತಿಂಗಳು ನಸುಕಿನ ಮೂರೂವರೆಗೆ ಗೋಡೆಯಾಚೆ ಪಾತ್ರೆಗಳ ಸದ್ದು ಕೇಳಿಬರುತ್ತಿತ್ತು. ಬೆಳಕು ಹರಿಯುವ ಮುನ್ನ ಉಣ್ಣುವ ಸಹರಿಗೆ ಅನ್ನ, ಸಾರು, ಚಹಾ ಸಿದ್ಧವಾಗಬೇಕು. ಐದು ಗಂಟೆಗೆ ಮುಂಚೆ ಊಟ ಮುಗಿಯಿತೆಂದರೆ ಸಂಜೆ ಏಳರವರೆಗೆ, ಅಂದರೆ ಸುಮಾರು 14 ಗಂಟೆಗಳ ಕಾಲ, ಒಂದು ಗುಟುಕು ನೀರೂ ಇಲ್ಲ. ಆ ಮನೆಯ ಸೊಸೆ ಮಧ್ಯಾಹ್ನ ಮಕ್ಕಳಿಗೆ ಬಡಿಸಬೇಕು, ಸಂಜೆಯ ಇಫ್ತಾರಿಗೆ ಹಣ್ಣು ಹೆಚ್ಚಬೇಕು, ಕರಿದ ತಿಂಡಿ ಮಾಡಬೇಕು. ಇದೆಲ್ಲವನ್ನೂ ಉಪ್ಪು ನೋಡದೆಯೇ ಮಾಡಬೇಕು.

ನಮ್ಮ ಮನೆಯಲ್ಲಿ ದೀಪ ಹೊತ್ತುವುದು ಐದು ಗಂಟೆಗೆ. ಅತ್ತೆಯವರು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತರೆ ಮುಕ್ಕಾಲು ಗಂಟೆ ಏಳುತ್ತಿರಲಿಲ್ಲ. ಶ್ರಾವಣ ಸೋಮವಾರಗಳಂದು ಸಂಜೆಯ ಪೂಜೆಯಾಗುವ ತನಕ ಅವರಿಗೆ ಆಹಾರವಿಲ್ಲ. ಅನಂತರ ಒಂದೇ ಊಟ. ಊಟವಾದ ಮೇಲೆ ಮಠದ ಪ್ರವಚನಕ್ಕೆ ಹೊರಡುವರು. ಪೂಜೆಗೆ ಮುಂಚೆ ಅಡುಗೆಯ ರುಚಿ ನೋಡುವ ಪದ್ಧತಿ ನಮ್ಮಲ್ಲಿಯೂ ಇಲ್ಲ. ಹೀಗಾಗಿ ಆ ಸೋಮವಾರಗಳಂದು ಒಂದೇ ಗೋಡೆಯ ಎರಡು ಕಡೆ ಇಬ್ಬರು ಸೊಸೆಯಂದಿರು ಉಪ್ಪನ್ನು ಕೈಯಳತೆಯಲ್ಲಿಯೇ ನಂಬಿ ಅಡುಗೆ ಮಾಡುತ್ತಿದ್ದೆವು. ಸಂಜೆ ಹಿತ್ತಿಲಲ್ಲಿ ಭೇಟಿಯಾದಾಗ, “ಇವತ್ತು ನಿಮ್ಮದು ಹೇಗಾಯಿತು?” ಎಂದು ಪರಸ್ಪರ ಕೇಳಿ ನಗುತ್ತಿದ್ದೆವು.

ನನ್ನ ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಶ್ರಾವಣವೆಂದರೆ ಭತ್ತದ ನಾಟಿಯ ಕಾಲ. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಸಸಿ ನೆಡುವ ಹೆಂಗಸರಿಗೆ ಉಪವಾಸ ಸಾಧ್ಯವಿರಲಿಲ್ಲ. ನನ್ನ ಅಜ್ಜಿ ಸೋಮವಾರ ಹಿಡಿಯುತ್ತಿದ್ದ ವ್ರತವೆಂದರೆ ಇಷ್ಟೆ: ಗದ್ದೆಯ ಆಳುಗಳಿಗೆ ಬುತ್ತಿ ಮುಟ್ಟಿತೆಂದು ತಿಳಿಯುವ ತನಕ ತಾನು ಉಣ್ಣುತ್ತಿರಲಿಲ್ಲ. ಮದುವೆಯಾಗಿ ಪಟ್ಟಣಕ್ಕೆ ಬಂದ ಮೇಲೆ ಇಲ್ಲಿಯ ಕಟ್ಟುನಿಟ್ಟಿನ ಸೋಮವಾರಗಳನ್ನು ಕಂಡು, ಅಜ್ಜಿಯದು ವ್ರತವೇ ಅಲ್ಲವೇನೋ ಎಂದು ನಾನು ಕೆಲವು ಕಾಲ ನಾಚಿಕೊಂಡದ್ದೂ ಉಂಟು.

ಮೂರನೆಯ ಸೋಮವಾರ

ಅತ್ತೆಯವರಿಗೆ ಆಗ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷಗಳಾಗಿದ್ದವು. ಉಪವಾಸ ಬೇಡವೆಂದು ಮಗ ಹೇಳಿದರೆ, “ನಲವತ್ತು ವರ್ಷ ನಡೆಸಿಕೊಂಡು ಬಂದದ್ದನ್ನು ಈಗ ಬಿಡಲೇ?” ಎಂದು ಬಾಯಿ ಮುಚ್ಚಿಸುತ್ತಿದ್ದರು. ನನಗೂ ಅಳುಕಿತ್ತು. ಆದರೆ ಅತ್ತೆಯ ವ್ರತಕ್ಕೆ ಅಡ್ಡ ಬಂದ ಸೊಸೆ ಎನಿಸಿಕೊಳ್ಳಲು ಮನಸ್ಸಾಗಲಿಲ್ಲ, ಸುಮ್ಮನಿದ್ದುಬಿಟ್ಟೆ. ಆ ಮೌನವು ಗೌರವವಾಗಿರಲಿಲ್ಲ, ಹೇಡಿತನವಾಗಿತ್ತು ಎಂಬುದನ್ನು ಇಂದು ಒಪ್ಪಿಕೊಳ್ಳುತ್ತೇನೆ.

ಆಗಸ್ಟ್ 6, ಮೂರನೆಯ ಸೋಮವಾರ. ಬೆಳಿಗ್ಗೆ ಅವರು ಎಂದಿನಂತೆ ಮಾತ್ರೆ ನುಂಗಿದ್ದರು, ಆದರೆ ಆಹಾರ ತೆಗೆದುಕೊಂಡಿರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಪಡಸಾಲೆಯಲ್ಲಿ ಹೂ ಕಟ್ಟುತ್ತ ಕುಳಿತವರ ಬೆರಳು ನಡುಗತೊಡಗಿತು. ಮೈಯೆಲ್ಲ ಬೆವರು. ಏನಾಯಿತೆಂದು ಕೇಳಿದರೆ ತೊದಲುತ್ತ, ಎಂದೋ ತೀರಿಕೊಂಡಿದ್ದ ತಮ್ಮ ತಂಗಿಯ ಹೆಸರು ಹಿಡಿದು ನನ್ನನ್ನು ಕರೆದರು. ನನಗೆ ಕೈಕಾಲು ಆಡಲಿಲ್ಲ. ರಕ್ತದೊತ್ತಡವಿರಬೇಕೆಂದು ಬೀಸಣಿಗೆಯಿಂದ ಗಾಳಿ ಹಾಕುತ್ತ ನಿಂತೆ.

ನನ್ನ ಕೂಗು ಕೇಳಿ ಓಡಿಬಂದ ಖಾಲಾ ಒಂದು ನೋಟಕ್ಕೇ ತಿಳಿದುಕೊಂಡರು. “ಗಾಳಿ ಆಮೇಲೆ ಹಾಕವ್ವ, ಮೊದಲು ಸಕ್ಕರೆ ನೀರು ತಾ!” ಎಂದು ಗದರಿಸಿದರು. ಅತ್ತೆಯವರ ತಲೆಯನ್ನು ತಮ್ಮ ತೋಳಿಗೆ ಆನಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಅತ್ತೆಯವರ ಮಾತು ತಿಳಿಯಾಯಿತು. ಆಸ್ಪತ್ರೆಗೆ ಕರೆದೊಯ್ದೆವು. ರಕ್ತದಲ್ಲಿ ಸಕ್ಕರೆ ತೀರ ಇಳಿದುಹೋಗಿತ್ತೆಂದೂ ಇನ್ನಷ್ಟು ತಡವಾಗಿದ್ದರೆ ಪ್ರಜ್ಞೆ ತಪ್ಪುತ್ತಿತ್ತೆಂದೂ ವೈದ್ಯರು ಹೇಳಿದರು.

ಮರುದಿನ ಅತ್ತೆಯವರು ಹಾಸಿಗೆಯಲ್ಲಿ ಕಣ್ಣೀರಿಡುತ್ತಿದ್ದರು. ಪ್ರಾಣಭಯದಿಂದಲ್ಲ, ಪೂಜೆಗೆ ಮುಂಚೆ ಸಕ್ಕರೆ ನೀರು ಕುಡಿದು ವ್ರತಭಂಗವಾಯಿತೆಂದು. ಖಾಲಾ ಮಂಚದ ಪಕ್ಕದಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಮೆಲ್ಲಗೆ ಹೇಳಿದರು:

“ಅಕ್ಕಾ, ಯಾರಿಗೂ ಹೇಳಿಲ್ಲ. ಈ ವರ್ಷ ನಾನು ರೋಜಾ ಹಿಡಿದಿಲ್ಲ.”

ನಾವು ಬೆರಗಾದೆವು. ದಿನವೂ ಮೂರೂವರೆಗೆ ಎದ್ದು ಮಗ-ಸೊಸೆಯನ್ನು ಎಬ್ಬಿಸುತ್ತಿದ್ದವರು ಅವರೇ ಅಲ್ಲವೆ? ನಿಜ, ಎಬ್ಬಿಸುತ್ತಿದ್ದರು, ಬಡಿಸುತ್ತಿದ್ದರು. ಹಿಂದಿನ ವರ್ಷದ ರಂಜಾನಿನಲ್ಲಿ ಅವರಿಗೂ ಹೀಗೆಯೇ ಆಗಿ ಆಸ್ಪತ್ರೆ ಸೇರಿದ್ದರಂತೆ. ಕಾಯಿಲೆಯವರು ಮತ್ತು ಪ್ರಯಾಣದಲ್ಲಿರುವವರು ಉಪವಾಸ ಬಿಡಬಹುದು, ಬಿಟ್ಟ ದಿನಗಳನ್ನು ಮುಂದೆ ತುಂಬಿಕೊಡಬೇಕು ಎಂಬುದು ಕುರಾನಿನ ನಿಯಮ. ಮುಂದೆಯೂ ಆಗದಂಥವರು ಒಂದೊಂದು ದಿನಕ್ಕೆ ಒಬ್ಬ ಬಡವರ ಊಟವನ್ನು ಕೊಡಬೇಕು. ಅದರಂತೆ ಖಾಲಾ ದಿನವೂ ಸಂತೆಯ ಹತ್ತಿರದ ಒಬ್ಬ ಮುದುಕಿಗೆ ಊಟದ ಡಬ್ಬಿ ಕಳಿಸುತ್ತಿದ್ದರು.

“ಮೊದಲನೆಯ ದಿನ ಬಾಗಿಲು ಹಾಕಿಕೊಂಡು ಉಂಡೆ ಅಕ್ಕಾ. ತುತ್ತು ಇಳಿಯಲಿಲ್ಲ, ಅತ್ತುಬಿಟ್ಟೆ. ಏಳು ವರ್ಷದವಳಿದ್ದಾಗಿನಿಂದ ಹಿಡಿದ ರೋಜಾ. ಆಮೇಲೆ ಅನ್ನಿಸಿತು, ದೇವರಿಗೆ ನನ್ನ ಹಸಿವು ಬೇಕಿದ್ದರೆ ಕಾಯಿಲೆಯವರನ್ನು ಬಿಟ್ಟುಬಿಡಿ ಅಂತ ಯಾಕೆ ಹೇಳುತ್ತಿದ್ದ?”

ಅತ್ತೆಯವರು ಏನೂ ಹೇಳಲಿಲ್ಲ. ಆಕೆಯ ಕೈಯನ್ನು ಮಾತ್ರ ಹಿಡಿದುಕೊಂಡರು.

ನಾಲ್ಕನೆಯ ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ತಾವಾಗಿಯೇ ಅಡುಗೆಮನೆಗೆ ಬಂದು, “ಉಪ್ಪಿಟ್ಟು ಮಾಡು, ಮಾತ್ರೆಗೆ ಮುಂಚೆ ತಿನ್ನಬೇಕಂತೆ” ಎಂದರು. ತಿಂದಾದ ಮೇಲೆ ಎರಡು ಡಬ್ಬಿಗಳಿಗೆ ಅಡುಗೆ ತುಂಬಿಸಿ, ಹಿಂದೆ ನಮ್ಮ ಹೊಲದಲ್ಲಿ ದುಡಿದು ಈಗ ಕಣ್ಣು ಕಾಣದ ಮುದುಕ ದಂಪತಿಗಳಿಗೆ ಕಳಿಸಿದರು. ಅನಂತರ ನನ್ನನ್ನು ನೋಡಿ ಕೇಳಿದರು: “ನೀನು ಏನು ತಿಂದೆ?” ಆ ಮನೆಗೆ ಬಂದು ಹದಿನಾರು ವರ್ಷಗಳಾಗಿದ್ದವು. ಸೋಮವಾರದ ದಿನ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ.

ನಮ್ಮ ನೆಲ ಹೇಳುವ ಮಾತು

ವ್ರತಗಳನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ಇಂದ್ರಿಯಗಳನ್ನು ಹತೋಟಿಯಲ್ಲಿಡುವ ಅಭ್ಯಾಸ ಎಲ್ಲ ಧರ್ಮಗಳಿಗೂ ಬೇಕಾದದ್ದೇ. ಶರಣರಲ್ಲಿಯೂ ವ್ರತಾಚಾರವನ್ನೇ ತನ್ನ ವಚನಗಳ ಮುಖ್ಯ ವಿಷಯವಾಗಿ ಎತ್ತಿಕೊಂಡ ಅಕ್ಕಮ್ಮನಂಥವರಿದ್ದರು. ಆದರೆ ಬಸವಾದಿ ಶರಣರು ಒಂದು ವಾರವನ್ನೋ ತಿಥಿಯನ್ನೋ ಶ್ರೇಷ್ಠವೆಂದು ಎತ್ತಿ ಹಿಡಿಯಲಿಲ್ಲ. ಇಷ್ಟಲಿಂಗಪೂಜೆ ನಿತ್ಯದ್ದು, ಕಾಯಕ ನಿತ್ಯದ್ದು, ದಾಸೋಹ ನಿತ್ಯದ್ದು. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಬೇಕಾದುದಕ್ಕಿಂತ ಹೆಚ್ಚನ್ನು ಮುಟ್ಟದಿರುವುದು ವರ್ಷವಿಡೀ ನಡೆಯಬೇಕಾದ ಉಪವಾಸ. ಪಂಚಮಿಯ ದಿನ ಹಾಲನ್ನು ಕಲ್ಲಿಗೆ ಎರೆಯದೆ ಮಕ್ಕಳಿಗೆ ಕುಡಿಸುವ ಪದ್ಧತಿಯನ್ನು ನಮ್ಮ ಹಲವು ಮಠಗಳು ಬೆಳೆಸಿರುವುದೂ ಇದೇ ದಾರಿಯಲ್ಲಿ.

ನಮ್ಮ ಶಿಕಾರಿಪುರ ತಾಲ್ಲೂಕಿಗೆ ಈ ವಿಷಯದಲ್ಲಿ ವಿಶೇಷವಾದ ಹಕ್ಕೊಂದಿದೆ. ಅಲ್ಲಮಪ್ರಭುಗಳ ಬಳ್ಳಿಗಾವಿ ಇಲ್ಲಿಯದು. ಅಕ್ಕಮಹಾದೇವಿಯ ಉಡುತಡಿಯೂ ಇಲ್ಲಿಯದೇ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ಕುರಿತ 1162ರ ಶಾಸನವೊಂದಿದೆ. ಆ ಮಠವು ಕಾಳಾಮುಖ ಶೈವರದು. ಅಲ್ಲಿ ವೇದ, ವ್ಯಾಕರಣ, ತರ್ಕಗಳ ಪಾಠ ನಡೆಯುತ್ತಿತ್ತೆಂದು ಶಾಸನ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಜೈನ ಕ್ಷಪಣಕರೂ ಸೇರಿದಂತೆ ನಾನಾ ಪಂಥದ ಸನ್ಯಾಸಿಗಳಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತೆಂದೂ ಅದು ಸಾರುತ್ತದೆ. ಪಟ್ಟಿಯನ್ನು ಓದುವಾಗ ಒಂದು ಮಾತು ಹೊಳೆಯುತ್ತದೆ: ಅನ್ನಕ್ಕೂ ಔಷಧಕ್ಕೂ ಅಲ್ಲಿ ಪಂಥ ಅಡ್ಡ ಬಂದಿಲ್ಲ. ಎಂಟುನೂರೈವತ್ತು ವರ್ಷಗಳ ಅನಂತರ ಅದೇ ತಾಲ್ಲೂಕಿನ ಒಂದು ಓಣಿಯಲ್ಲಿ, ಓದು ಬರಹ ಹೆಚ್ಚು ತಿಳಿಯದ ಹೆಂಗಸೊಬ್ಬಳು ಡಬ್ಬಿ ಕಟ್ಟಿ ಕಳಿಸುತ್ತಿದ್ದುದು ಅದೇ ಮಾತನ್ನು.

ಗೃಹಿಣಿಯರ ಗಮನಕ್ಕೆ

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಬೇಕು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಆಹಾರ ಬಿಡುವುದು ಅಪಾಯಕರ. ಆಹಾರ ಬಿಡುವೆನೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಅಷ್ಟೇ ಅಪಾಯಕರ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಮಂಕು, ತೊದಲು ಕಾಣಿಸಿಕೊಳ್ಳಬಹುದು. ಎಚ್ಚರವಿದ್ದರೆ ಕೂಡಲೇ ಮೂರು-ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹಿರಿಯರಿಗೆ ಎದುರಾಡಿದಂತಾಗುತ್ತದೆಂದು ಸುಮ್ಮನಿರಬೇಡಿರಿ. ನಾನು ಹಾಗಿದ್ದು ಪಟ್ಟ ಪಶ್ಚಾತ್ತಾಪ ನನಗೇ ಸಾಕು.

ಅತ್ತೆಯವರು ಆ ಘಟನೆಯ ಅನಂತರ ಆರು ಶ್ರಾವಣಗಳನ್ನು ಕಂಡರು. ಸೋಮವಾರದ ಡಬ್ಬಿ ಒಂದು ವಾರವೂ ತಪ್ಪಲಿಲ್ಲ. ಅವರು ಲಿಂಗೈಕ್ಯರಾದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಕ್ಕಳಿಗೆ ಅನ್ನ ಬಂದದ್ದು ಗೋಡೆಯಾಚೆಯಿಂದ.

ರಂಜಾನ್ ಈಗ ಶ್ರಾವಣವನ್ನು ಬಿಟ್ಟು ಬಹಳ ದೂರ ಸರಿದಿದೆ. 2025ರಲ್ಲಿ ಅದು ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬಂದಿತು. ಮತ್ತೆ ಎರಡೂ ಕೂಡಿ ಬರುವ ಹೊತ್ತಿಗೆ ನನಗೇ ಅತ್ತೆಯವರ ವಯಸ್ಸು ದಾಟಿರುತ್ತದೆ. ಆದರೂ ನಸುಕಿನಲ್ಲಿ ಆಚೆ ಪಾತ್ರೆಯ ಸದ್ದಾದಾಗ ನನಗೆ ಎಚ್ಚರವಾಗುತ್ತದೆ. ಇಷ್ಟು ಹೊತ್ತಿಗೆ ಎದ್ದಿರುವ ಆ ಸೊಸೆ ತಾನು ಉಂಡಳೋ ಇಲ್ಲವೋ ಎಂದುಕೊಳ್ಳುತ್ತೇನೆ. ಸಹೋದರಿಯರೆ, ಈ ಸಲದ ಶ್ರಾವಣಕ್ಕೆ ಸಂಕಲ್ಪ ಮಾಡುವಾಗ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು, ಎಲ್ಲರಿಗಿಂತ ಕೊನೆಗೆ ಉಣ್ಣುವವರು ಯಾರು ಎಂದು ಒಮ್ಮೆ ವಿಚಾರಿಸಿರಿ. ಅವರ ತಟ್ಟೆಯಿಂದಲೇ ದಾಸೋಹವು ಮೊದಲಾಗಲಿ.