ಐವತ್ತು ಮಕ್ಕಳು, ಒಬ್ಬ ಡ್ರೈವರ್, ಒಂದು ಗಡಿಯಾರ

ಬೆಳಿಗ್ಗೆ ಏಳೂವರೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ಪಟ್ಟಣದ ಹೋಟೆಲೊಂದರ ಮುಂದೆ ಟೂರಿಸ್ಟ್ ಬಸ್ಸು ನಿಂತಿದೆ ಎನ್ನಿ. ಐವತ್ತು ವಿದ್ಯಾರ್ಥಿಗಳು, ಐವತ್ತು ಪೆಟ್ಟಿಗೆ. ಮೇಷ್ಟ್ರು ತಲೆ ಎಣಿಸಿ ಎಣಿಸಿ ಸುಸ್ತು. ಒಂದು ತಲೆ ಕಡಿಮೆ! ಆ ಪುಣ್ಯಾತ್ಮ ಇನ್ನೂ ಬಾತ್‌ರೂಮಿನಲ್ಲಿದ್ದಾನೆ. ಸಂಜೆಯೊಳಗೆ ಇಟಲಿಯ ಫ್ಲಾರೆನ್ಸ್ ಸೇರಬೇಕು. ದೂರ ಸುಮಾರು 550 ಕಿಲೋಮೀಟರು.

ಯುರೋಪು ಸುತ್ತುವ ವಿದ್ಯಾರ್ಥಿ ತಂಡಗಳಿಗೆ ಇಂಥ ಒಂದು ದಿನ ತಪ್ಪಿದ್ದಲ್ಲ. ಅರಮನೆ ಇಲ್ಲ, ಮ್ಯೂಸಿಯಂ ಇಲ್ಲ, ದಿನವಿಡೀ ಬಸ್ಸೇ ಬಸ್ಸು. ಮೊದಲ ಒಂದು ಗಂಟೆ ಹಾಡು, ಕೂಗಾಟ. ಆಮೇಲೆ ಒಬ್ಬೊಬ್ಬರದೇ ಕತ್ತು ವಾಲುತ್ತದೆ.

ಅಷ್ಟರಲ್ಲಿ ಗೊಟಾರ್ಡ್ ಸುರಂಗ ಬರುತ್ತದೆ. 1980ರಲ್ಲಿ ತೆರೆದ ಈ ರಸ್ತೆ ಸುರಂಗದ ಉದ್ದ 16.9 ಕಿಲೋಮೀಟರು. ಒಳಗೆ ನುಗ್ಗುವಾಗ ಬೋರ್ಡುಗಳೆಲ್ಲ ಜರ್ಮನ್ ಭಾಷೆಯಲ್ಲಿ. ಆಚೆ ಬಂದರೆ ಇಟಾಲಿಯನ್. ದೇಶ ಮಾತ್ರ ಇನ್ನೂ ಸ್ವಿಟ್ಜರ್ಲೆಂಡೇ! ಕಿಯಾಸೊ ಗಡಿ ದಾಟಿದ ಮೇಲೆ ಇಟಲಿ. ಅಲ್ಲಿಗೆ ಫ್ರಾಂಕ್ ಜೇಬಿನೊಳಗೆ, ಯೂರೋ ಕೈಗೆ.

ರಜಾ ದಿನಗಳಲ್ಲಿ ಸುರಂಗದ ಬಾಯಲ್ಲಿ ಮೈಲಿಗಟ್ಟಲೆ ವಾಹನಗಳ ಸಾಲು. ಹೊತ್ತು ಹೋಯಿತೆಂದು ಮೇಷ್ಟ್ರಿಗೆ ಗಾಬರಿ. "ಸ್ವಲ್ಪ ಜೋರಾಗಿ ಓಡಿಸಪ್ಪಾ" ಅನ್ನೋ ಹಾಗೂ ಇಲ್ಲ. ಆ ಬಸ್ಸುಗಳ ವೇಗ ಗಂಟೆಗೆ 100 ಕಿಲೋಮೀಟರು ದಾಟದಂತೆ ಯಂತ್ರದಲ್ಲೇ ಕಡಿವಾಣ ಹಾಕಿರುತ್ತಾರೆ.

ಮಿಲಾನ್ ದಾಟಿ ಸುಮಾರು 80 ಕಿಲೋಮೀಟರು ಹೋದರೆ ಫಿಯೊರೆಂಜುವೊಲಾ. ಹೆದ್ದಾರಿಯ ಮೇಲೆ ಸೇತುವೆಯ ಹಾಗೆ ಕಟ್ಟಿದ ಹೋಟೆಲು ಅಲ್ಲಿದೆ. 1959ರಲ್ಲಿ ಶುರುವಾದದ್ದು. ಮೇಲೆ ಕಾಫಿ, ಕೆಳಗೆ ಲಾರಿಗಳ ಓಟ! ಬಸ್ಸು ಇಲ್ಲಿ ನಿಂತಿತೆಂದರೆ ಮಕ್ಕಳಿಗೆ ಖುಷಿ. ಹತ್ತು ನಿಮಿಷದಲ್ಲಿ ತಿಂದು ಕುಡಿದು ಮುಗಿಯಿತು. ಡ್ರೈವರ್ ಮಾತ್ರ ಏಳಲೊಲ್ಲ. "ಏನ್ರೀ ಇವನು, ಇನ್ನೂ ಕೂತಿದ್ದಾನಲ್ಲ!" ಎಂದು ಗೊಣಗಾಟ ಶುರು.

ಅವನು ಕೂತಿರುವುದು ಸೋಮಾರಿತನದಿಂದಲ್ಲ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ಕಂತಿನಲ್ಲೂ ತೆಗೆದುಕೊಳ್ಳಬಹುದು; 2024ರಿಂದ ಪ್ರವಾಸಿ ಬಸ್ಸುಗಳಿಗೆ ಕಂತಿನ ಲೆಕ್ಕ ಇನ್ನೂ ಸಡಿಲ. ಆದರೆ ಯಾವ ಕಂತೂ 15 ನಿಮಿಷಕ್ಕಿಂತ ಕಡಿಮೆ ಇರುವಂತಿಲ್ಲ. ದಿನಕ್ಕೆ ಓಡಿಸುವುದು 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ರಾತ್ರಿ 11 ಗಂಟೆ ವಿಶ್ರಾಂತಿ; ಅಪರೂಪಕ್ಕೆ 9ಕ್ಕೆ ಇಳಿಸಬಹುದು. ಇದು ಐರೋಪ್ಯ ಒಕ್ಕೂಟ 2006ರಲ್ಲಿ ಮಾಡಿದ ಕಾಯ್ದೆ.

ಕಾಯ್ದೆಯನ್ನು ಕಾಯಲು ಟ್ಯಾಕೋಗ್ರಾಫ್ ಎಂಬ ಯಂತ್ರ ಇದೆ. ಡ್ರೈವರ್ ತನ್ನ ಕಾರ್ಡನ್ನು ಅದಕ್ಕೆ ತೂರಿಸಿಯೇ ಗಾಡಿ ತೆಗೆಯಬೇಕು. ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ನಿಂತ, ಎಲ್ಲ ದಾಖಲು. ದಾರಿಯಲ್ಲಿ ಪೊಲೀಸರು ತಡೆದು ನೋಡಿದರೆ ಬಾಯಿಮಾತಿನ ಸಬೂಬು ನಡೆಯೋದಿಲ್ಲ.

ಇಷ್ಟೆಲ್ಲ ಏಕೆ ಎನ್ನುವವರು 2016ರ ಮಾರ್ಚ್ 20ನ್ನು ನೆನೆಯಬೇಕು. ಸ್ಪೇನಿನ ವಲೆನ್ಸಿಯಾದಲ್ಲಿ ಫಾಯಾಸ್ ಹಬ್ಬದ ಕೊನೆಯ ರಾತ್ರಿ ಮುಗಿಸಿ ವಿದ್ಯಾರ್ಥಿಗಳ ಬಸ್ಸು ಬಾರ್ಸಿಲೋನಾಕ್ಕೆ ಮರಳುತ್ತಿತ್ತು. ನಾನಾ ದೇಶಗಳಿಂದ ಓದಲು ಬಂದಿದ್ದ ಮಕ್ಕಳು. ಬೆಳಗಿನ ಜಾವ ಫ್ರೆಜಿನಾಲ್ಸ್ ಹತ್ತಿರ ಬಸ್ಸು ಉರುಳಿತು. ಹದಿಮೂರು ಹುಡುಗಿಯರು ಸತ್ತರು. ಡ್ರೈವರಿಗೆ ತೂಕಡಿಕೆ ಬಂತೇ ಎಂಬ ಪ್ರಶ್ನೆ ಅಂದೇ ಎದ್ದಿತು.

ಯಂತ್ರ ಗಂಟೆ ಎಣಿಸುತ್ತದೆ, ನಿಜ. ಆದರೆ ಹಿಂದಿನ ರಾತ್ರಿ ಡ್ರೈವರಿಗೆ ಕಣ್ತುಂಬ ನಿದ್ದೆ ಬಂತೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಬಸ್ಸಿನ ಮಾಲೀಕರು, ಪ್ರವಾಸದ ಪಟ್ಟಿ ಹಾಕುವವರು, ಜೊತೆಗೆ ಹೋಗುವ ಮೇಷ್ಟ್ರುಗಳು. ಮಕ್ಕಳ ಪಾಲಿಗೂ ಒಂದು ಕೆಲಸ ಇದೆ: ಮಲಗುವ ಮುಂಚೆ ಸೀಟ್ ಬೆಲ್ಟ್ ಬಿಗಿದುಕೊಳ್ಳುವುದು.

ಸಂಜೆ ಐದೋ ಆರೋ ಆಗುವ ಹೊತ್ತಿಗೆ ಫ್ಲಾರೆನ್ಸ್. ಊಟ ಆದ ಮೇಲೆ ಮಕ್ಕಳಿಗೆ ಹೊಸ ಹುರುಪು. "ಒಂದೇ ಒಂದು ರೌಂಡು ಸಾರ್, ಲೈಟು ನೋಡ್ಕೊಂಡ್ ಬರೋಣ. ಹತ್ತೇ ನಿಮಿಷ!" ಡ್ರೈವರ್ ತಲೆ ಅಲ್ಲಾಡಿಸುತ್ತಾನೆ. ಹತ್ತು ನಿಮಿಷ ಗಾಡಿ ತೆಗೆದರೂ ಅಂದಿನ ವಿಶ್ರಾಂತಿ ಮತ್ತೆ ಮೊದಲಿಂದ ಶುರು, ನಾಳೆ ಬೆಳಿಗ್ಗೆ ಹೊರಡುವುದು ತಡ.

ಮಕ್ಕಳು ಮುಖ ಊದಿಸಿಕೊಂಡು ನಡೆದೇ ಹೊರಡುತ್ತಾರೆ. ಹೋಗಲಿ ಬಿಡಿ, ಎಳೆ ಕಾಲು! ಡ್ರೈವರ್ ಕಾರ್ಡು ಕಿತ್ತು ಜೇಬಿಗಿಟ್ಟು ರೂಮಿಗೆ ಹೋಗಿ ಮಲಗುತ್ತಾನೆ. ನಾಳೆ ಐವತ್ತು ಮನೆಯ ಮಕ್ಕಳು ಅವನ ಹಿಂದೆ ನಿಶ್ಚಿಂತೆಯಿಂದ ಗೊರಕೆ ಹೊಡೆಯಬೇಕಾದರೆ ಇವತ್ತು ಗೊರಕೆ ಹೊಡೆಯುವ ಸರದಿ ಅವನದು.