ಮನೆಯ ಮಲಗುಂಡಿ: ಅದರ ರಕ್ಷಣೆಯೂ ನಮ್ಮ ಹೊಣೆಯೂ

ಪತಂಜಲಿ ಮಹರ್ಷಿಗಳು ಐದು ನಿಯಮಗಳನ್ನು ಎಣಿಸುವಾಗ ಶೌಚವನ್ನೇ ಮೊದಲು ಹೇಳಿರುವರು. ನಮ್ಮ ಗೃಹಿಣಿಯರು ಯೋಗಸೂತ್ರವನ್ನು ಓದದೆಯೂ ಆ ನಿಯಮವನ್ನು ಪಾಲಿಸುತ್ತ ಬಂದಿದ್ದಾರೆ. ಬೆಳಗಾಗುವ ಮುನ್ನ ಬಾಗಿಲಿಗೆ ನೀರು ಚಿಮುಕಿಸಿ ರಂಗವಲ್ಲಿಯನ್ನಿಡುವ ಮನೆಗಳು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಯಾವ ಬೀದಿಯಲ್ಲಿ ಇಲ್ಲ? ಆದರೆ ಅದೇ ಮನೆಯ ಯಜಮಾನರನ್ನು, "ನಿಮ್ಮ ಕಕ್ಕಸಿನ ಗುಂಡಿಯನ್ನು ಕಡೆಯ ಸಲ ಬರಿದು ಮಾಡಿಸಿದುದು ಯಾವಾಗ?" ಎಂದು ಕೇಳಿದರೆ ಅನೇಕರಲ್ಲಿ ಉತ್ತರವಿರುವುದಿಲ್ಲ. ಅಂಗಳಕ್ಕೆ ಕಲ್ಲು ಹಾಸಿಸುವಾಗ ಗುಂಡಿಯ ಮುಚ್ಚಳವೇ ಅದರಡಿಯಲ್ಲಿ ಹೂತುಹೋದ ಮನೆಗಳನ್ನೂ ನಾನು ಕಂಡಿದ್ದೇನೆ. ಕಣ್ಣಿಗೆ ಕಾಣದುದರ ಚಿಂತೆ ನಮಗೇಕೆಂಬ ಈ ಉದಾಸೀನವು ಅಪಾಯಕರವಾದುದು.

ಇಂತಹ ಗುಂಡಿಗೆ ಸೆಪ್ಟಿಕ್ ಟ್ಯಾಂಕೆಂದು ಹೆಸರು. ಸೆಪ್ಟಿಕ್ ಎಂಬುದು ಕೊಳೆಯುವಿಕೆಯನ್ನು ಸೂಚಿಸುವ ಗ್ರೀಕ್ ಮೂಲದ ಶಬ್ದ. ಮನೆಯಿಂದ ಬಂದ ಮಲಿನಜಲವು ಇದರೊಳಗೆ ನಿಶ್ಚಲವಾಗಿ ನಿಂತಾಗ ಭಾರವಾದ ಅಂಶವು ಕೆಸರಾಗಿ ತಳಕ್ಕಿಳಿಯುವುದು. ಜಿಡ್ಡು ಮೊದಲಾದ ಹಗುರವಾದುದು ಕೆನೆಯಂತೆ ಮೇಲೆ ಕಟ್ಟುವುದು. ನಡುವಣ ನೀರು ಇಂಗುಗುಂಡಿಗೆ ಹೋಗುವುದು. ಗಾಳಿಯ ಸಂಪರ್ಕವಿಲ್ಲದೆ ಬಾಳುವ ಸೂಕ್ಷ್ಮಾಣುಗಳು ಕೆಸರಿನ ಒಂದು ಪಾಲನ್ನು ಮಾತ್ರ ಜೀರ್ಣಿಸುವುವು. ಉಳಿದುದು ವರ್ಷದಿಂದ ವರ್ಷಕ್ಕೆ ಏರುತ್ತ ಬಂದು, ಕಡೆಗೆ ನೀರು ನಿಲ್ಲಲು ಎಡೆಯಿಲ್ಲದೆ, ಕೆಸರೇ ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುವುದು.

ಆದಕಾರಣ ಎರಡು ಮೂರು ವರ್ಷಗಳಿಗೊಮ್ಮೆ ಗುಂಡಿಯನ್ನು ಬರಿದು ಮಾಡಿಸತಕ್ಕದ್ದು. ಕೆಸರು ಅರ್ಧದಷ್ಟು ತುಂಬುವವರೆಗೆ ಕಾಯುವುದು ಸಲ್ಲದು. ತಳದಲ್ಲಿ ಒಂದೆರಡು ಅಂಗುಲದಷ್ಟು ಕೆಸರನ್ನು ಹೆಪ್ಪಿನಂತೆ ಉಳಿಸಬೇಕು. ಗುಂಡಿಯನ್ನು ಸಾಬೂನಿನಿಂದ ತಿಕ್ಕಿ ತೊಳೆಯುವ ಅಗತ್ಯವೇ ಇಲ್ಲ. ಕಕ್ಕಸನ್ನು ತೊಳೆಯುವಾಗ ಆಸಿಡ್ಡನ್ನೂ ಫಿನೈಲನ್ನೂ ಧಾರಾಳವಾಗಿ ಸುರಿದರೆ ಉಪಕಾರಿಗಳಾದ ಸೂಕ್ಷ್ಮಾಣುಗಳು ಸಾಯುವುವು. ಅಡಿಗೆಯ ಎಣ್ಣೆ, ಬಟ್ಟೆಯ ಚೂರು, ಪ್ಲಾಸ್ಟಿಕ್ಕು, ಮಕ್ಕಳ ಡಯಾಪರು, ಇವುಗಳಿಗೆ ಅಲ್ಲಿ ಎಡೆಯಿಲ್ಲ. ಗಾಳಿಕೊಳವೆಯ ಬಾಯಿಗೆ ಸೊಳ್ಳೆ ನುಗ್ಗದಂತೆ ಬಲೆಯನ್ನು ಕಟ್ಟಬೇಕು. ಮುಚ್ಚಳವು ಮಕ್ಕಳು ತುಳಿದರೂ ಜರುಗದಷ್ಟು ಭದ್ರವಾಗಿರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗುಂಡಿಯೊಳಗೆ ಮನುಷ್ಯನನ್ನು ಇಳಿಸಲೇ ಕೂಡದು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವು ಮೊದಲು ಕೊಳೆತ ಮೊಟ್ಟೆಯಂತೆ ನಾರುವುದು. ಅದು ಹೆಚ್ಚಾದೊಡನೆ ಮೂಗಿನ ಶಕ್ತಿಯೇ ಉಡುಗಿ ವಾಸನೆಯು ತಿಳಿಯದಂತಾಗುವುದು. ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪುವುದು. ಬಿದ್ದವನನ್ನು ಎತ್ತಲು ಇಳಿದ ಎರಡನೆಯವನಿಗೂ ಅದೇ ಗತಿ. ಅಪಘಾತವಾದರೆ ಯಾರೂ ಒಳಗಿಳಿಯದೆ 112ಕ್ಕೆ ಕರೆ ಮಾಡಬೇಕು. ಮೀಥೇನ್ ಎಂಬ ಉರಿಯುವ ಅನಿಲವೂ ಅಲ್ಲಿರುವುದರಿಂದ ಮುಚ್ಚಳ ತೆರೆದಾಗ ಬೆಂಕಿಕಡ್ಡಿಯಾಗಲಿ ಬೀಡಿಯಾಗಲಿ ಬಳಿಗೆ ಬರಕೂಡದು.

ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯವು ನಿಷೇಧಿಸಿತು. ರಕ್ಷಣಾಸಾಧನಗಳಿಲ್ಲದೆ ಯಾರನ್ನಾದರೂ ಮಲಗುಂಡಿಗೆ ಇಳಿಸಿದವರಿಗೆ, 2013ರ ಕೇಂದ್ರ ಶಾಸನದಂತೆ, ಮೊದಲ ಅಪರಾಧಕ್ಕೇ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆಜ್ಞಾಪಿಸಿತು. ಆದರೆ ಹೋದ ಪ್ರಾಣಕ್ಕೆ ಬೆಲೆ ಕಟ್ಟುವವರಾರು? ಕೆಲವು ನೂರು ರೂಪಾಯಿ ಉಳಿಯುವುದೆಂದು ಬಡವನೊಬ್ಬನನ್ನು ಇಳಿಸಿದವನ ಅಂಗಳದ ರಂಗವಲ್ಲಿಯು ಯಾವ ಶೌಚವನ್ನು ಸಾರೀತು? ಆದುದರಿಂದ ನಗರಸಭೆಗೆ ತಿಳಿಸಿ ಸಕ್ಕಿಂಗ್ ಯಂತ್ರದ ವಾಹನವನ್ನೇ ಕರೆಸಿರಿ.

ವಾಹನವು ಗುಂಡಿಯನ್ನು ಹೀರಿ ಹೊರಟೊಡನೆ ನಮ್ಮ ಹೊಣೆ ತೀರುವುದಿಲ್ಲ. ಅದನ್ನು ಎಲ್ಲಿ ಸುರಿಯುವರೆಂದು ಕೇಳಿರಿ. ಕೆರೆಯಂಗಳದಲ್ಲಿ ಸುರಿದುದು ಮತ್ತೆ ನಮ್ಮ ನೀರಿಗೇ ಬರುವುದು. ನೆರೆಯ ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಕೆಸರನ್ನು ಶುದ್ಧಿಗೊಳಿಸಿ ಗೊಬ್ಬರವಾಗಿಸುವ ಘಟಕವು ಆರಂಭವಾಯಿತು. ಹಾಗೆ ಸಂಸ್ಕರಿಸಿದರೆ ಮಲವೂ ಹೊಲಕ್ಕೆ ಸಾರವಾಗುವುದು.

ನಮ್ಮದು ಬಯಲುಸೀಮೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನಲ್ಲಿ ವರ್ಷದ ಬಹುಕಾಲ ಬರಿಯ ಮರಳು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಗೊಳಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ನಮ್ಮ ಜಿಲ್ಲೆಯ ಕೆರೆಗಳಿಗೆ ತರಬೇಕಾಗಿ ಬಂದಷ್ಟು ನಮಗೆ ನೀರಿನ ಬಡತನ. ಹೀಗಿರುವಾಗ ಬತ್ತಿದ ಬಾವಿಗೋ ಕೊಳವೆಬಾವಿಗೋ ಮಲಿನವನ್ನು ಬಿಡುವುದು ತಾನು ಕುಡಿಯುವ ಕೊಡಕ್ಕೆ ತಾನೇ ವಿಷ ಬೆರೆಸಿದಂತೆ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಅರುವತ್ತು ಅಡಿಗಳಿಗೆ ಕಡಿಮೆಯಿಲ್ಲದ ಅಂತರವಿರಲಿ.

ಯುಗಾದಿಯಂದು ಹೊಸ ಪಂಚಾಂಗವನ್ನು ತೆರೆದು ವ್ರತ ಪರ್ವಗಳನ್ನು ಗುರುತಿಸುವಾಗ, ಗುಂಡಿಯನ್ನು ಬರಿದು ಮಾಡಿಸಿದ ತಿಂಗಳನ್ನೂ ಮುಂದೆ ಮಾಡಿಸಬೇಕಾದ ವರ್ಷವನ್ನೂ ಅದರ ಅಂಚಿನಲ್ಲಿ ಬರೆದಿಡಿರಿ. ಇದೂ ಗೃಹಧರ್ಮವೇ.